ಹತ್ತನೇ ಕರಡಿಯೂ ಮೊದಲನೆಯದರ ಹಾಗೇ ಇರಬೇಕು: ಕ್ರೋಶಾ ಟೆಡ್ಡಿ ಹೆಣೆದು ಮಾರುವವರಿಗೆ ಸಮಗ್ರ ಮಾರ್ಗದರ್ಶಿ

ಕ್ರೋಶಾದಲ್ಲಿ ಒಂದು ಟೆಡ್ಡಿ ಕರಡಿ ಹೆಣೆಯುವುದು ಅಷ್ಟೇನೂ ಕಷ್ಟವಲ್ಲ. ಕಷ್ಟ ಶುರುವಾಗುವುದು ಆಮೇಲೆ. ಫೋಟೋ ನೋಡಿದ ಯಾರೋ ಒಬ್ಬರು "ನನಗೂ ಇದೇ ಥರದ್ದು ಬೇಕು" ಅನ್ನುತ್ತಾರೆ. ನೀವು ಖುಷಿಯಿಂದ ಕೂತು ಹೆಣೆಯುತ್ತೀರಿ. ಮುಗಿದ ಮೇಲೆ ನೋಡಿದರೆ ತಲೆ ಸ್ವಲ್ಪ ದಪ್ಪ, ಕಣ್ಣು ಒಂದಿಷ್ಟು ಮೇಲೆ, ಮುಖದಲ್ಲಿ ಏನೋ ಸಿಡುಕು. ಅವರು ಕೇಳಿದ್ದು ಈ ಕರಡಿಯಲ್ಲ.

ಹವ್ಯಾಸಕ್ಕೆ ಹೆಣೆಯುವವರಿಗೆ ಇದು ತೊಂದರೆಯೇ ಅಲ್ಲ. ದುಡಿಮೆ ಮಾಡಿಕೊಳ್ಳುವವರಿಗೆ ಎಲ್ಲಕ್ಕಿಂತ ದೊಡ್ಡ ತೊಂದರೆ ಇದೇ. ಹಾಗಾಗಿ ಹುಕ್ ಕೊಳ್ಳುವಾಗಲೇ ಒಂದು ನೋಟ್‌ಬುಕ್ಕನ್ನೂ ಕೊಳ್ಳಿ. ಅದರಲ್ಲಿ ಏನು ಬರೆಯಬೇಕು ಅನ್ನುವುದನ್ನು ದಾರಿಯುದ್ದಕ್ಕೂ ಹೇಳುತ್ತಾ ಹೋಗುತ್ತೇನೆ.

ನೂಲು, ಹುಕ್ ಮತ್ತು ಉಳಿದ ಸಾಮಾನು

ಕಲಿಯುವವರಿಗೆ ಮಧ್ಯಮ ದಪ್ಪದ ಹತ್ತಿ ನೂಲು ಅಥವಾ ಹತ್ತಿ ಮತ್ತು ಅಕ್ರಿಲಿಕ್ ಬೆರೆತ ನೂಲು ಒಳ್ಳೆಯದು. ಅಂಗಡಿಯಲ್ಲಿ ಎಂಟು ಎಳೆ ಅಥವಾ ಡಿಕೆ ಅಂತ ಕೇಳಿದರೆ ಕೊಡುತ್ತಾರೆ. ಹೊಲಿಗೆ ಕಣ್ಣಿಗೆ ಸ್ಪಷ್ಟವಾಗಿ ಕಾಣಬೇಕು. ಅದಕ್ಕೇ ಮೊದಲ ಕರಡಿಗೆ ಕಪ್ಪು, ಕಡುಗಂದು ಬೇಡ. ತಿಳಿಗಂದು, ಕೆನೆ, ಬೂದು ಬಣ್ಣಗಳು ಕಣ್ಣಿಗೂ ಹಗುರ, ಫೋಟೋಗೂ ಒಳ್ಳೆಯವು.

ವೆಲ್ವೆಟ್ ಅಥವಾ ಶೆನಿಲ್ ನೂಲಿನ ಕರಡಿಗಳನ್ನು ನೋಡಿದರೆ ಆಸೆಯಾಗುತ್ತದೆ. ಮೆತ್ತಗೆ, ದಪ್ಪಗೆ, ಮುಟ್ಟಿದರೆ ಬಿಡಲು ಮನಸ್ಸಾಗುವುದಿಲ್ಲ. ದಪ್ಪ ನೂಲಾದ್ದರಿಂದ ಬೇಗ ಮುಗಿಯುತ್ತವೆ ಕೂಡ. ಆದರೆ ಅದರಲ್ಲಿ ಹೊಲಿಗೆ ಕಾಣುವುದೇ ಇಲ್ಲ, ಬೆರಳಿಂದ ತಡಕಿ ಎಣಿಸಬೇಕು. ಬಿಚ್ಚಿ ಮತ್ತೆ ಹಾಕಿದರೆ ಕೂದಲು ಉದುರಿ ಒಳಗಿನ ದಾರ ಕಾಣುತ್ತದೆ. ಹೆಣಿಗೆ ಶುರುಮಾಡುವ ಉಂಗುರವನ್ನು, ಅಂದರೆ ಮ್ಯಾಜಿಕ್ ರಿಂಗನ್ನು, ಜೋರಾಗಿ ಎಳೆದರೆ ಪಟ್ಟಂತ ತುಂಡಾಗುತ್ತದೆ. ಹತ್ತಿಯಲ್ಲಿ ಕೈ ಕೂತ ಮೇಲೆ ಅದಕ್ಕೆ ಹೋಗಿ.

ನೂಲಿನ ಪಟ್ಟಿಯಲ್ಲಿ ಯಾವ ಹುಕ್ ಅಂತ ಬರೆದಿರುತ್ತದೆ. ಡಿಕೆ ನೂಲಿಗೆ ಸಾಮಾನ್ಯವಾಗಿ 4 ಮಿ.ಮೀ. ಹತ್ತಿರ. ಅದು ಸ್ವೆಟರಿಗೆ ಸರಿ, ಗೊಂಬೆಗೆ ಅಲ್ಲ. ಗೊಂಬೆಯ ಹೆಣಿಗೆ ಬಿಗಿಯಾಗಿ, ಒಳಗೆ ತುಂಬುವ ಫೈಬರ್ ಇಣುಕದ ಹಾಗೆ ಇರಬೇಕು. ಅದಕ್ಕೆ 2.5 ಮಿ.ಮೀ. ಹುಕ್ ಹಿಡಿಯಿರಿ. ಕೈ ಮೊದಲೇ ಬಿಗಿಯಾಗಿದ್ದರೆ 2.75 ಅಥವಾ 3. ಹಿಡಿಕೆಗೆ ರಬ್ಬರ್ ಇರುವ ಹುಕ್ಕಿಗೆ ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟರೂ ನಷ್ಟವಿಲ್ಲ.

ಉಳಿದದ್ದು: ಹೊಲಿಗೆಗೆ ಗುರುತು ಹಾಕುವ ಸ್ಟಿಚ್ ಮಾರ್ಕರ್, ಮೊಂಡು ತುದಿಯ ದಪ್ಪ ಸೂಜಿ, ಬಣ್ಣದ ತಲೆಯಿರುವ ಗುಂಡುಸೂಜಿ, ಕತ್ತರಿ, ಹಿಂದಿನಿಂದ ವಾಷರ್ ಒತ್ತಿ ಕೂರಿಸುವ 8 ಮಿ.ಮೀ. ಪ್ಲಾಸ್ಟಿಕ್ ಕಣ್ಣುಗಳು (ಸೇಫ್ಟಿ ಕಣ್ಣು), ಮೂಗು ಕಸೂತಿಗೆ ಕಪ್ಪು ಅಥವಾ ಕಂದು ದಾರ, ಪಾಲಿಯೆಸ್ಟರ್ ಫೈಬರ್. ಅರಳೆ ತುಂಬಬೇಡಿ, ಒಂದು ಸಲ ಒಗೆದರೆ ಗಂಟುಗಂಟಾಗುತ್ತದೆ. ಜೊತೆಗೆ ಗ್ರಾಂ ತೋರಿಸುವ ಒಂದು ಸಣ್ಣ ಡಿಜಿಟಲ್ ತಕ್ಕಡಿ. ಇದು ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ನೋಟ್‌ಬುಕ್ಕಿನ ಮೊದಲ ಪುಟಕ್ಕೆ ನೂಲಿನ ಪಟ್ಟಿಯನ್ನೇ ಅಂಟಿಸಿ. ಅದರಲ್ಲಿ ಬಣ್ಣದ ನಂಬರಿನ ಜೊತೆ ಡೈ ಲಾಟ್ ನಂಬರ್, ಅಂದರೆ ಒಟ್ಟಿಗೆ ಬಣ್ಣ ಹಾಕಿದ ನೂಲಿನ ಕಂತಿನ ನಂಬರ್, ಇರುತ್ತದೆ. ಒಂದೇ ಬಣ್ಣವಾದರೂ ಲಾಟ್ ಬೇರೆಯಾದರೆ ಛಾಯೆ ಬೇರೆಯಾಗಬಹುದು. ತಲೆ ಒಂದು ಲಾಟು, ಕೈ ಇನ್ನೊಂದು ಲಾಟು ಆದರೆ ಬಿಸಿಲಲ್ಲಿ ತೆಗೆದ ಫೋಟೋದಲ್ಲಿ ತಕ್ಷಣ ಕಾಣುತ್ತದೆ.

ಬೇಕಾದ ಹೊಲಿಗೆಗಳು

ಮ್ಯಾಜಿಕ್ ರಿಂಗ್, ಸಿಂಗಲ್ ಕ್ರೋಶಾ, ಇನ್‌ಕ್ರೀಸ್, ಡಿಕ್ರೀಸ್. ಅಷ್ಟೇ.

ಮ್ಯಾಜಿಕ್ ರಿಂಗಿಗೆ ನೂಲನ್ನು ಎರಡು ಬೆರಳಿಗೆ ಸುತ್ತಿ ಉಂಗುರ ಮಾಡಿ. ಅದರೊಳಗೆ 6 ಸಿಂಗಲ್ ಹಾಕಿ, ನೂಲಿನ ಬಿಡಿ ತುದಿಯನ್ನು, ಅಂದರೆ ಬಾಲವನ್ನು, ಎಳೆದರೆ ನಡುವಿನ ತೂತು ಮುಚ್ಚಿಕೊಳ್ಳುತ್ತದೆ. ಆ ಬಾಲವನ್ನು ಹಾಗೇ ಬಿಟ್ಟರೆ ನಿಧಾನಕ್ಕೆ ಸಡಿಲವಾಗಿ ತಲೆಯ ನೆತ್ತಿಯಲ್ಲಿ ತೂತು ಬೀಳುತ್ತದೆ. ಸೂಜಿಗೆ ಪೋಣಿಸಿ, ಒಳಗಡೆಯಿಂದ ಅದೇ ಉಂಗುರದ ಸುತ್ತ ಎರಡು ಸಲ ಓಡಿಸಿ, ಉಲ್ಟಾ ದಿಕ್ಕಿಗೆ ಒಂದು ಸಲ ತಂದು ಕತ್ತರಿಸಿ.

ಸಿಂಗಲ್ ಕ್ರೋಶಾ ಅಂದರೆ ಹೊಲಿಗೆಯೊಳಗೆ ಹುಕ್ ತೂರಿಸಿ ನೂಲು ಎಳೆದು, ಮತ್ತೆ ನೂಲು ಹಿಡಿದು ಹುಕ್ಕಿನ ಮೇಲಿರುವ ಎರಡೂ ಕುಣಿಕೆಗಳಿಂದ ಎಳೆಯುವುದು. ಇದರಲ್ಲಿ ಒಂದು ಸೂಕ್ಷ್ಮ ಇದೆ. ಹೊಲಿಗೆಯೊಳಗೆ ಹುಕ್ ತೂರಿಸಿ ನೂಲು ಹಿಡಿಯುವಾಗ, ನೂಲನ್ನು ಹುಕ್ಕಿನ ಮೇಲಿಂದ ಸುತ್ತಿ ಎಳೆದರೆ ಇಂಗ್ಲಿಷಿನ ವಿ ಆಕಾರದ ಹೊಲಿಗೆ ಬರುತ್ತದೆ. ಹುಕ್ಕನ್ನು ನೂಲಿನ ಮೇಲೆ ಇಟ್ಟು ಕೆಳಗಿನಿಂದ ಕೊಕ್ಕೆ ಹಾಕಿ ಎಳೆದರೆ ಎಕ್ಸ್ ಆಕಾರ ಬರುತ್ತದೆ. ಎಕ್ಸ್ ಹೊಲಿಗೆ ಸ್ವಲ್ಪ ಚಿಕ್ಕದು, ಬಿಗಿ, ಸಾಲು ಅಚ್ಚುಕಟ್ಟು. ನನಗೆ ಕರಡಿಗೆ ಎಕ್ಸ್ ಇಷ್ಟ. ನಿಮಗೆ ಯಾವುದು ಸಲೀಸೋ ಅದನ್ನು ಹಾಕಿ, ಆದರೆ ಯಾವುದು ಅಂತ ನೋಟ್‌ಬುಕ್ಕಿನಲ್ಲಿ ಬರೆಯಿರಿ. ತಲೆ ವಿ ಹೊಲಿಗೆಯಲ್ಲಿ, ಹೊಟ್ಟೆ ಎಕ್ಸ್ ಹೊಲಿಗೆಯಲ್ಲಿ ಆದರೆ ಅಳತೆಯೇ ಕೂಡುವುದಿಲ್ಲ.

ಇನ್‌ಕ್ರೀಸ್ ಅಂದರೆ ಒಂದೇ ಹೊಲಿಗೆಯಲ್ಲಿ ಎರಡು ಸಿಂಗಲ್. ಡಿಕ್ರೀಸ್ ಅಂದರೆ ಎರಡನ್ನು ಸೇರಿಸಿ ಒಂದು ಮಾಡುವುದು. ಡಿಕ್ರೀಸ್ ಮಾಡುವಾಗ ಎರಡೂ ಹೊಲಿಗೆಗಳಲ್ಲಿ ನಿಮ್ಮ ಕಡೆಗಿರುವ ಕುಣಿಕೆಗೆ ಮಾತ್ರ ಹುಕ್ ಹಾಕಿ, ಎರಡರಿಂದಲೂ ಒಟ್ಟಿಗೆ ನೂಲು ಎಳೆದು, ಆಮೇಲೆ ಮಾಮೂಲಿ ಸಿಂಗಲ್ ಥರ ಮುಗಿಸಿ. ಎರಡೂ ಕುಣಿಕೆ ಹಿಡಿದರೆ ಅಲ್ಲೊಂದು ಉಬ್ಬು ಎದ್ದು ಪಕ್ಕದಲ್ಲೇ ತೂತು ಬೀಳುತ್ತದೆ.

ಬೇರೆಯವರು ಬರೆದ ಪ್ಯಾಟರ್ನ್, ಅಂದರೆ ಹೆಣೆಯುವ ಲೆಕ್ಕ, ಓದುವಾಗ ಒಂದು ಎಚ್ಚರ. ಅಮೆರಿಕದವರು ಸಿಂಗಲ್ ಕ್ರೋಶಾ ಅನ್ನುವುದನ್ನೇ ಬ್ರಿಟನ್ನಿನವರು ಡಬಲ್ ಕ್ರೋಶಾ ಅನ್ನುತ್ತಾರೆ. ಮೊದಲ ಪುಟದಲ್ಲಿ ಯಾವ ಪದ್ಧತಿ ಅಂತ ನೋಡಿಕೊಂಡೇ ಮುಂದೆ ಹೋಗಿ.

ಕರಡಿಯ ಲೆಕ್ಕ

ಈ ಕರಡಿ ಕೂತಾಗ ಕಿವಿ ಬಿಟ್ಟು ಸುಮಾರು 13 ಸೆಂ.ಮೀ. ಎತ್ತರ ಬರುತ್ತದೆ. ಕೈಯ ಬಿಗಿಯ ಮೇಲೆ ಸ್ವಲ್ಪ ಹೆಚ್ಚುಕಮ್ಮಿ. 50 ಗ್ರಾಂ ನೂಲು ಸಾಕಾಗಿ ಉಳಿಯುತ್ತದೆ. ಎಲ್ಲ ಭಾಗವನ್ನೂ ಸುರುಳಿಯಾಗಿ ಹೆಣೆಯುತ್ತೇವೆ, ಸುತ್ತಿನ ಕೊನೆಗೆ ಜೋಡಿಸುವುದಿಲ್ಲ. ಹಾಗಾಗಿ ಪ್ರತಿ ಸುತ್ತಿನ ಮೊದಲ ಹೊಲಿಗೆಗೆ ಮಾರ್ಕರ್ ಹಾಕಲೇಬೇಕು. ಕೊನೆಯ ಅಂಕಿ ಆ ಸುತ್ತಿನ ಒಟ್ಟು ಹೊಲಿಗೆ. ಆವರಣದೊಳಗಿನ ಬರೀ ಅಂಕಿ ಅಂದರೆ ಅಷ್ಟು ಸಿಂಗಲ್.

ತಲೆ, ನೆತ್ತಿಯಿಂದ ಕೆಳಕ್ಕೆ:
1ನೇ ಸುತ್ತು: ರಿಂಗಿನಲ್ಲಿ 6
2: ಎಲ್ಲದರಲ್ಲೂ ಇನ್‌ಕ್ರೀಸ್ = 12
3: (1, ಇನ್‌ಕ್ರೀಸ್) × 6 = 18
4: 1, ಇನ್‌ಕ್ರೀಸ್, (2, ಇನ್‌ಕ್ರೀಸ್) × 5, 1 = 24
5: (3, ಇನ್‌ಕ್ರೀಸ್) × 6 = 30
6: 2, ಇನ್‌ಕ್ರೀಸ್, (4, ಇನ್‌ಕ್ರೀಸ್) × 5, 2 = 36
7: (5, ಇನ್‌ಕ್ರೀಸ್) × 6 = 42
8ರಿಂದ 14: ಬರೀ ಸಿಂಗಲ್ = 42
15: (5, ಡಿಕ್ರೀಸ್) × 6 = 36
16: (4, ಡಿಕ್ರೀಸ್) × 6 = 30
17: (3, ಡಿಕ್ರೀಸ್) × 6 = 24
18: (2, ಡಿಕ್ರೀಸ್) × 6 = 18. ಮುಚ್ಚದೆ ಬಿಡಿ, ಇದೇ ಕತ್ತು.

4 ಮತ್ತು 6ನೇ ಸುತ್ತು ಅರ್ಧದಿಂದ ಶುರುವಾಗಿರುವುದು ಬೇಕಂತಲೇ. ಇನ್‌ಕ್ರೀಸ್‌ಗಳು ಒಂದರ ಮೇಲೊಂದು ಬಂದರೆ ತಲೆ ದುಂಡಗಾಗದೆ ಆರು ಮೂಲೆಯಾಗುತ್ತದೆ. ಹೀಗೆ ಅತ್ತಿತ್ತ ಸರಿಸಿದರೆ ಮೂಲೆ ಏಳುವುದಿಲ್ಲ.

7ನೇ ಸುತ್ತು ಮುಗಿದಾಗ ಹೆಣಿಗೆಯನ್ನು ಮೇಜಿನ ಮೇಲೆ ಚಪ್ಪಟೆ ಮಾಡಿ, ಅಡ್ಡಳತೆ ನೋಡಿ. 6 ಸೆಂ.ಮೀ. ಹತ್ತಿರ ಇರುತ್ತದೆ. ನಿಮ್ಮದು ಎಷ್ಟು ಬಂತೋ ಅದನ್ನು ಮಿಲಿಮೀಟರ್ ಲೆಕ್ಕದಲ್ಲಿ ಬರೆದಿಡಿ. ಮುಂದೆ ಪ್ರತಿ ಕರಡಿಯಲ್ಲೂ ಈ ಸುತ್ತಿಗೆ ನಿಂತು ಅಳೆಯಿರಿ. ಸುಸ್ತಾದ ದಿನ ಕೈ ಸಡಿಲ, ಅವಸರದ ದಿನ ಬಿಗಿ. 3 ಮಿ.ಮೀ. ವ್ಯತ್ಯಾಸ ಬಂದರೂ ಇಲ್ಲೇ ಬಿಚ್ಚಿ ಸರಿ ಮಾಡಿಕೊಳ್ಳಬಹುದು. ಪೂರ್ತಿ ತಲೆಯಾದ ಮೇಲೆ ಗೊತ್ತಾದರೆ ಯಾರಿಗೂ ಬಿಚ್ಚುವ ಮನಸ್ಸು ಬರುವುದಿಲ್ಲ.

ಇನ್ನೊಂದು ವಿಷಯ. ಹೆಣಿಗೆಗೆ ಒಳಗು ಹೊರಗು ಇದೆ. ವಿ ಅಥವಾ ಎಕ್ಸ್ ಕಾಣುವುದು ಹೊರಮೈ, ಅಡ್ಡಗೆರೆಗಳು ಕಾಣುವುದು ಒಳಮೈ. ಎರಡು ಮೂರು ಸುತ್ತಾದ ಮೇಲೆ ಅದು ತಾನಾಗೇ ಬಟ್ಟಲಿನ ಥರ ಮಗುಚಿಕೊಳ್ಳುತ್ತದೆ, ಒಮ್ಮೊಮ್ಮೆ ಉಲ್ಟಾ ಮಗುಚಿಕೊಳ್ಳುತ್ತದೆ. ಆಗಾಗ ನೋಡಿಕೊಳ್ಳಿ.

ಹೊಟ್ಟೆ, ಕೆಳಗಿನಿಂದ ಮೇಲಕ್ಕೆ:
1ರಿಂದ 6: ತಲೆಯ ಹಾಗೇ, 36ರವರೆಗೆ
7ರಿಂದ 11: 36
12: (4, ಡಿಕ್ರೀಸ್) × 6 = 30
13, 14: 30
15: (3, ಡಿಕ್ರೀಸ್) × 6 = 24
16, 17: 24
18: (2, ಡಿಕ್ರೀಸ್) × 6 = 18
19: 18. ಒಂದು ಮೊಳದಷ್ಟು ನೂಲು ಬಿಟ್ಟು ಕತ್ತರಿಸಿ.

ಕಾಲು, ಎರಡು:
1ರಿಂದ 4: ತಲೆಯ ಹಾಗೇ, 24ರವರೆಗೆ
5, 6: 24
7: 6, ಡಿಕ್ರೀಸ್ × 6, 6 = 18
8: 6, ಡಿಕ್ರೀಸ್ × 3, 6 = 15
9ರಿಂದ 14: 15
ಡಿಕ್ರೀಸ್‌ಗಳೆಲ್ಲ ಒಂದೇ ಕಡೆ ಬಂದಿದ್ದರಿಂದ ಪಾದ ಮುಂದಕ್ಕೆ ಚಾಚಿಕೊಳ್ಳುತ್ತದೆ.

ಕೈ, ಎರಡು:
1: 6
2: 12
3ರಿಂದ 5: 12
6: (4, ಡಿಕ್ರೀಸ್) × 2 = 10
7ರಿಂದ 13: 10

ಕಿವಿ, ಎರಡು: 6; 12; (2, ಇನ್‌ಕ್ರೀಸ್) × 4 = 16; ಆಮೇಲೆ ಎರಡು ಸುತ್ತು 16. ಫೈಬರ್ ತುಂಬದೆ ಚಪ್ಪಟೆ ಮಾಡಿ ಬಾಯಿ ಹೊಲಿಯಿರಿ.
ಮೂತಿ: 6, 12, 18, 18. ಇದಕ್ಕೆ ಒಂದು ಛಾಯೆ ತಿಳಿ ಬಣ್ಣ ಚೆನ್ನ.
ಬಾಲ: 6; (1, ಇನ್‌ಕ್ರೀಸ್) × 3 = 9; 9.

ಇದನ್ನೆಲ್ಲ ಕೂಡಿದರೆ ಒಂದು ಕರಡಿಗೆ ಸುಮಾರು 2,000 ಹೊಲಿಗೆ. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಬೆಲೆ ಹಾಕುವಾಗ ಬೇಕಾಗುತ್ತದೆ.

ತುಂಬುವುದು

ಫೈಬರನ್ನು ಚೀಲದಿಂದ ಮುದ್ದೆಯಾಗಿ ತೆಗೆದು ತುರುಕಬೇಡಿ. ಚಿಕ್ಕ ಚಿಕ್ಕ ಎಳೆಗಳಾಗಿ ಬಿಡಿಸಿ, ಮೊದಲು ಅಂಚುಗಳಿಗೆ, ಆಮೇಲೆ ನಡುವಿಗೆ. ಮಧ್ಯೆ ಮಧ್ಯೆ ಅಂಗೈಗಳ ನಡುವೆ ಉರುಟಿ ದುಂಡಗೆ ಮಾಡಿ. ಹೊಲಿಗೆ ಬಾಯಿ ಬಿಟ್ಟು ಬಿಳಿ ಕಾಣಿಸಿದರೆ ಒಂದೋ ಜಾಸ್ತಿ ತುಂಬಿದ್ದೀರಿ, ಇಲ್ಲವೇ ಹುಕ್ ದೊಡ್ಡದಾಗಿದೆ. ತಲೆ ಗಟ್ಟಿ, ಹೊಟ್ಟೆ ಒಂಚೂರು ಮೆತ್ತಗೆ, ಪಾದ ಗಟ್ಟಿ. ಕೈಗೆ ಅಂಗೈ ಭಾಗಕ್ಕೆ ಮಾತ್ರ, ಮೇಲ್ಭಾಗ ಖಾಲಿ ಇದ್ದರೆ ಕೈ ಮೈಗೆ ಅಂಟಿಕೊಂಡು ಇಳಿಯುತ್ತದೆ. ಕತ್ತಿಗೆ ಮಾತ್ರ ಕಂಜೂಸಿ ಮಾಡಬೇಡಿ. ಅಲ್ಲಿ ಕಮ್ಮಿಯಾದರೆ ಕೆಲವೇ ದಿನದಲ್ಲಿ ತಲೆ ಅಲ್ಲಾಡಲು ಶುರುವಾಗುತ್ತದೆ.

ತಕ್ಕಡಿ ಬೇಕು ಅಂದಿದ್ದು ಇಲ್ಲಿಗೇ. ಒಂದು ತಲೆ ನಿಮಗೆ ಬೇಕಾದ ಹಾಗೆ ಬಂದ ಮೇಲೆ, ಫೈಬರ್ ಎಷ್ಟು ಗ್ರಾಂ ಹಿಡಿಯಿತು ಅಂತ ತೂಗಿ ಬರೆದಿಡಿ. ಹೊಟ್ಟೆಗೂ ಹಾಗೇ. ಮುಂದಿನ ಸಲ ಅಷ್ಟನ್ನೇ ತೂಗಿ ಪಕ್ಕದಲ್ಲಿಟ್ಟುಕೊಂಡು ತುಂಬಿ. ಎರಡು ಕರಡಿ ಅಕ್ಕಪಕ್ಕ ಇಟ್ಟಾಗ ಅಣ್ಣ ತಮ್ಮಂದಿರ ಹಾಗೆ ಕಾಣುವುದಕ್ಕೆ ಹೊಲಿಗೆಯ ಲೆಕ್ಕಕ್ಕಿಂತ ಈ ತೂಕವೇ ಹೆಚ್ಚು ಕಾರಣ.

ಮುಖ

ಕೊಳ್ಳುವವರು ಮೊದಲು ನೋಡುವುದು ಮುಖ. ಹೊಲಿಗೆ ಎಷ್ಟು ಚೆನ್ನಾಗಿದ್ದರೂ ಮುಖ ಕೂಡಿಬರದಿದ್ದರೆ ಕರಡಿ ಹೋಗುವುದಿಲ್ಲ.

ಆಸ್ಟ್ರಿಯಾದ ಪ್ರಾಣಿವರ್ತನೆ ವಿಜ್ಞಾನಿ ಕಾನ್ರಾಡ್ ಲೊರೆನ್ಸ್ 1943ರಲ್ಲಿ ಒಂದು ಮಾತು ಹೇಳಿದರು: ಅಗಲ ಹಣೆ, ಮುಖದ ಕೆಳಭಾಗದಲ್ಲಿ ದೊಡ್ಡ ಕಣ್ಣು, ಉಬ್ಬಿದ ಕೆನ್ನೆ, ಚಿಕ್ಕ ಮೂಗು ಕಂಡರೆ ಮನುಷ್ಯರಿಗೆ ಮುದ್ದು ಬರುತ್ತದೆ, ಯಾಕೆಂದರೆ ಅವು ಮಗುವಿನ ಮುಖದ ಲಕ್ಷಣ. ಟೆಡ್ಡಿಯ ಇತಿಹಾಸವೂ ಇದನ್ನೇ ಹೇಳುತ್ತದೆ. ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 1902ರಲ್ಲಿ ಬೇಟೆಗೆ ಹೋದಾಗ ಕಟ್ಟಿಹಾಕಿದ್ದ ಕರಡಿಗೆ ಗುಂಡು ಹೊಡೆಯಲು ಒಪ್ಪಲಿಲ್ಲ. ಆ ಪ್ರಸಂಗದ ವ್ಯಂಗ್ಯಚಿತ್ರದಿಂದಲೇ ಅವರ ಅಡ್ಡಹೆಸರಾದ ಟೆಡ್ಡಿ ಗೊಂಬೆಗೆ ಅಂಟಿಕೊಂಡಿತು. ಆ ಕಾಲದ ಟೆಡ್ಡಿಗಳಿಗೆ ನಿಜವಾದ ಕರಡಿಯ ಹಾಗೆ ಉದ್ದ ಮೂತಿ ಇತ್ತು. ಆಮೇಲಾಮೇಲೆ ಹಣೆ ದೊಡ್ಡದಾಗುತ್ತಾ ಮೂತಿ ಗಿಡ್ಡವಾಗುತ್ತಾ ಬಂತು ಅನ್ನುವುದನ್ನು 1985ರಲ್ಲಿ ಸಂಶೋಧಕರಾದ ರಾಬರ್ಟ್ ಹೈಂಡ್ ಮತ್ತು ಬಾರ್ಡನ್ ಹಳೆಯ ಗೊಂಬೆಗಳನ್ನು ಅಳೆದು ತೋರಿಸಿದರು. ಅಂಗಡಿಯಲ್ಲಿ ಜನ ಯಾವುದನ್ನು ಎತ್ತಿಕೊಂಡರೋ ಅದು ಉಳಿಯಿತು, ಅಲ್ವಾ?

ಹಾಗಾದರೆ ಕಣ್ಣು ಕೆಳಗೆ ಮತ್ತು ದೂರ ದೂರ ಇರಲಿ. ನಮ್ಮ ಲೆಕ್ಕದಲ್ಲಿ 10 ಮತ್ತು 11ನೇ ಸುತ್ತಿನ ನಡುವೆ, ಒಂದರಿಂದ ಒಂದಕ್ಕೆ 8 ಹೊಲಿಗೆ ಅಂತರ. ಮೂತಿಯ ಮೇಲಂಚು 11ನೇ ಸುತ್ತಿಗೆ ಬರುವಂತೆ ನಡುವೆ ಕೂರಿಸಿ. ಸುರುಳಿ ಹೆಣಿಗೆಯಲ್ಲಿ ಮಾರ್ಕರ್ ಗೆರೆ ಓರೆಯಾಗಿ ಸಾಗುತ್ತದೆ, ಆದ್ದರಿಂದ ಅದನ್ನು ನಂಬಿ ಮುಖದ ನಡುಗೆರೆ ಹಾಕಬೇಡಿ. ಸುತ್ತು ಎಣಿಸಿ, ಹೊಲಿಗೆ ಎಣಿಸಿ.

ಕಣ್ಣಿನ ವಾಷರ್ ಒತ್ತುವ ಮುನ್ನ ಹೀಗೆ ಮಾಡಿ. ತಲೆಗೆ ಸದ್ಯಕ್ಕೆ ಫೈಬರ್ ತುಂಬಿ, ಕಣ್ಣನ್ನು ಸುಮ್ನೆ ಚುಚ್ಚಿ, ಮೂತಿಯನ್ನು ಗುಂಡುಸೂಜಿಯಲ್ಲಿ ನಿಲ್ಲಿಸಿ. ಮೊಬೈಲಿನಲ್ಲಿ ಫೋಟೋ ತೆಗೆದು ಎಡಬಲ ತಿರುಗಿಸಿ ನೋಡಿ. ನೇರ ನೋಡಿದಾಗ ಕಾಣದ ಸೊಟ್ಟ, ತಿರುಗಿಸಿದ ಫೋಟೋದಲ್ಲಿ ಎದ್ದು ಕಾಣುತ್ತದೆ. ಸರಿ ಅನ್ನಿಸಿದ ಮೇಲೆ ಫೈಬರ್ ತೆಗೆದು ವಾಷರ್ ಒತ್ತಿ. ಒಮ್ಮೆ ಕೂತ ವಾಷರನ್ನು ಬಿಚ್ಚುವುದು ಆಗದ ಮಾತು.

ಮುಖಕ್ಕೆ ಜೀವ ಬರುವುದು ಕಣ್ಣು ಸ್ವಲ್ಪ ಒಳಗೆ ಹೋದಾಗ. ಗಟ್ಟಿ ದಾರವನ್ನು ಕತ್ತಿನ ಕೆಳಗಿನಿಂದ ತೂರಿಸಿ ಕಣ್ಣಿನ ಒಳಮೂಲೆಗೆ ತನ್ನಿ. ಒಂದು ಹೊಲಿಗೆ ಪಕ್ಕಕ್ಕೆ ಚುಚ್ಚಿ ಮತ್ತೆ ಕತ್ತಿಗೆ ಇಳಿಸಿ, ನಿಧಾನಕ್ಕೆ ಎಳೆದು ಗಂಟು ಹಾಕಿ. ಎರಡೂ ಕಡೆ ಒಂದೇ ಎಳೆತ ಇರಬೇಕು. ಮೂಗಿಗೆ ತಲೆಕೆಳಗಾದ ತ್ರಿಕೋನ, ಹೊಲಿಗೆಗಳು ಒತ್ತೊತ್ತಾಗಿ. ಅದರಿಂದ ಒಂದು ಗೆರೆ ಕೆಳಗೆ. ಬಾಯಿ ಬಿಡಿಸದೆ ಬಿಟ್ಟರೂ ಚೆನ್ನಾಗಿಯೇ ಇರುತ್ತದೆ. ಬಾಯಿ ಇಲ್ಲದ ಕರಡಿ ನೋಡುವವರ ಮನಸ್ಸಿನಂತೆ ಕಾಣುತ್ತದೆ ಅಂತ ನನ್ನ ಅನಿಸಿಕೆ.

ಮುಖ ಕೂಡಿಬಂದ ಕರಡಿಯನ್ನು ನೇರ ಎದುರಿನಿಂದ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದು ನೋಟ್‌ಬುಕ್ಕಿಗೆ ಅಂಟಿಸಿ. ಇದು ಮಾರುವ ಫೋಟೋ ಅಲ್ಲ, ನಿಮ್ಮ ನಕ್ಷೆ.

ಜೋಡಣೆ

ಯಾವುದನ್ನೂ ಹೊಲಿಯುವ ಮೊದಲು ಎಲ್ಲವನ್ನೂ ಗುಂಡುಸೂಜಿಯಲ್ಲಿ ನಿಲ್ಲಿಸಿ. ಎಷ್ಟು ಸೂಜಿ ತೆಗೆದುಕೊಂಡಿರಿ ಅಂತ ಮೊದಲೇ ಎಣಿಸಿ, ಮುಗಿದ ಮೇಲೆ ಮತ್ತೆ ಎಣಿಸಿ. ಒಂದು ಕಮ್ಮಿಯಾದರೂ ಸಿಗುವವರೆಗೆ ಕರಡಿ ಮನೆ ಬಿಟ್ಟು ಹೋಗಬಾರದು. ಇದರಲ್ಲಿ ರಾಜಿ ಇಲ್ಲ.

ತಲೆಯ 18 ಮತ್ತು ಹೊಟ್ಟೆಯ 18 ಹೊಲಿಗೆಗಳನ್ನು ಒಂದಕ್ಕೊಂದು ಹೊಂದಿಸಿ ಸುತ್ತ ಹೊಲಿಯಿರಿ. ಮುಕ್ಕಾಲು ಭಾಗವಾದಾಗ ನಿಂತು ಕತ್ತಿಗೆ ಇನ್ನಷ್ಟು ಫೈಬರ್ ತುರುಕಿ. ಎರಡನೇ ಸುತ್ತು ಮತ್ತೆ ಹೊಲಿಯಿರಿ. ಕಿವಿ ತಲೆಯ 4ರಿಂದ 9ನೇ ಸುತ್ತಿನವರೆಗೆ, ಸ್ವಲ್ಪ ಬಾಗಿಸಿ. ಕೈಯ ಬಾಯಿಯನ್ನು ಚಪ್ಪಟೆ ಮಾಡಿ, 5 ಹೊಲಿಗೆ ಅಗಲಕ್ಕೆ ಮುಚ್ಚಿ, ಹೊಟ್ಟೆಯ 17ನೇ ಸುತ್ತಿಗೆ. ಕಾಲು ಹೊಟ್ಟೆಯ 5 ಮತ್ತು 9ನೇ ಸುತ್ತಿನ ನಡುವೆ, ಮುಂದೆ ಎರಡೂ ಬದಿಗೆ. ಬಾಲವನ್ನು ಹಿಂದೆ ಎಷ್ಟು ಕೆಳಗೆ ಹಚ್ಚುತ್ತೀರೋ ಅದರ ಮೇಲೆ ಕರಡಿ ಹಿಂದಕ್ಕೆ ಬೀಳುತ್ತೋ ಇಲ್ಲವೋ ಗೊತ್ತಾಗುತ್ತದೆ. ಸೂಜಿಯಲ್ಲಿರುವಾಗಲೇ ಕೂರಿಸಿ ನೋಡಿ.

ದಾರದ ಕೊನೆಯನ್ನು ಗಂಟು ಹಾಕಿ ಅಲ್ಲೇ ಕತ್ತರಿಸಬೇಡಿ. ಉದ್ದ ಸೂಜಿಯಲ್ಲಿ ಮೈಯ ಆ ಬದಿಗೆ ತಂದು, ಎಳೆದು ಹಿಡಿದು ಕತ್ತರಿಸಿದರೆ ತುದಿ ಒಳಗೆ ಜಾರಿಕೊಳ್ಳುತ್ತದೆ.

ಮಗುವಿನ ಕೈಗೆ ಹೋಗುವ ಕರಡಿ

ಸೇಫ್ಟಿ ಕಣ್ಣು ಅಂತ ಹೆಸರಿದ್ದರೂ ಅದು ಚಿಕ್ಕ ಮಕ್ಕಳಿಗೆ ಅಲ್ಲ. ವಾಷರ್ ಕಳಚದಿದ್ದರೂ ಹೆಣಿಗೆಯ ತೂತು ಹಿಗ್ಗಿ ಪೂರ್ತಿ ಕಣ್ಣೇ ಹೊರಬರಬಹುದು. 3 ವರ್ಷದೊಳಗಿನ ಮಗುವಿಗಾದರೆ ಕಣ್ಣು, ಮೂಗು ಎರಡೂ ಕಸೂತಿಯಲ್ಲೇ ಇರಲಿ. ಗುಂಡಿ, ಮಣಿ, ಉದ್ದ ರಿಬ್ಬನ್ ಬೇಡ.

ಆಟಿಕೆಗಳಿಗೆ ಬಹುತೇಕ ದೇಶಗಳಲ್ಲಿ ಕಾನೂನಿದೆ. ಸುರಕ್ಷತೆಯ ಮಾನದಂಡಗಳು ಯುರೋಪಿನಲ್ಲಿ ಇಎನ್ 71, ಅಮೆರಿಕದಲ್ಲಿ ಎಎಸ್‌ಟಿಎಂ ಎಫ್963, ಭಾರತದಲ್ಲಿ ಐಎಸ್ 9873. ಇಎನ್ 71ರ ಎಳೆತದ ಪರೀಕ್ಷೆಯಲ್ಲಿ 6 ಮಿ.ಮೀ.ಗಿಂತ ದೊಡ್ಡ ಬಿಡಿಭಾಗವನ್ನು 90 ನ್ಯೂಟನ್ ಬಲದಿಂದ, ಅಂದರೆ ಸುಮಾರು 9 ಕೆ.ಜಿ. ತೂಗುಹಾಕಿದಷ್ಟು ಎಳೆಯುತ್ತಾರೆ. ಕರಡಿಯ ಕಿವಿ ಹಿಡಿದು ಅಷ್ಟು ಎಳೆದರೆ ಏನಾಗುತ್ತದೆ ಅಂತ ಒಮ್ಮೆ ಯೋಚಿಸಿ. ಮಾದರಿ ಕರಡಿಯೊಂದರ ಕಿವಿಯನ್ನು ಜೋರಾಗಿ ಎಳೆದು ನೋಡಿ ಅನ್ನುವುದು ಅದಕ್ಕೇ. "ಅಲಂಕಾರಕ್ಕೆ ಮಾತ್ರ" ಅಂತ ಚೀಟಿ ಅಂಟಿಸಿದರೆ ಆಯಿತು ಅಂದುಕೊಳ್ಳುವವರು ಬಹಳ. ಯುರೋಪಿನ ನಿಯಮದಲ್ಲಿ ಅದು ನಡೆಯುವುದಿಲ್ಲ. ಮಗು ಆಡಲು ಎತ್ತಿಕೊಳ್ಳುವ ಹಾಗಿದ್ದರೆ ಅದು ಆಟಿಕೆಯೇ. ಯಾವ ದೇಶಕ್ಕೆ ಕಳಿಸುತ್ತೀರೋ ಅಲ್ಲಿನ ನಿಯಮ ಮೊದಲು ಓದಿ.

ಬೆಲೆ

ಎಲ್ಲರೂ ಎಡವುವ ಜಾಗ ಇದು. ನೂಲಿನ ಖರ್ಚಿನ ಎರಡರಷ್ಟು, ಮೂರರಷ್ಟು ಅಂತ ಬೆಲೆ ಹಾಕುವ ರೂಢಿ ಇದೆ. ಕ್ರೋಶಾಗೆ ಅದು ಹೊಂದುವುದೇ ಇಲ್ಲ, ಯಾಕೆಂದರೆ ಇಲ್ಲಿ ಖರ್ಚಾಗುವುದು ನೂಲಲ್ಲ, ಸಮಯ.

ಕೈ ಕೂತವರು ನಿಮಿಷಕ್ಕೆ 10 ಹೊಲಿಗೆ ಹಾಕುತ್ತಾರೆ ಅಂತಿಟ್ಟುಕೊಳ್ಳಿ. 2,000 ಹೊಲಿಗೆಗೆ 200 ನಿಮಿಷ, ಅಂದರೆ 3 ಗಂಟೆ 20 ನಿಮಿಷ. ಬರೀ ಅಷ್ಟೇನಾ? ತುಂಬುವುದು, ಮುಖ, ಜೋಡಣೆ, ದಾರ ಮುಚ್ಚುವುದು ಸೇರಿ ಇನ್ನೂ ಎರಡೂವರೆ ಗಂಟೆ ಮೇಲೆ ಹಿಡಿಯುತ್ತದೆ. ಹುಕ್ ಕೈಯಲ್ಲಿರುವ ಹೊತ್ತನ್ನು ಮಾತ್ರ ಲೆಕ್ಕ ಹಾಕುವವರು ಈ ಉಳಿದ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತಾರೆ. ಹಾಗಾಗಿ ನೋಟ್‌ಬುಕ್ಕಿನಲ್ಲಿ ಪ್ರತಿ ಭಾಗಕ್ಕೂ ಹಿಡಿದ ಸಮಯ ಬರೆಯಿರಿ.

ಒಂದು ಗಂಟೆಯ ಕೂಲಿಯನ್ನು 100 ಅಂತ ಇಟ್ಟುಕೊಳ್ಳೋಣ. ಹೆಣೆದು ಮುಗಿಸಲು 6 ಗಂಟೆ, ಫೋಟೋ, ಮಾತುಕತೆ, ಪ್ಯಾಕಿಂಗಿಗೆ 1 ಗಂಟೆ, ಒಟ್ಟು 700. ನೂಲು, ಫೈಬರ್, ಕಣ್ಣು, ಡಬ್ಬಿ ಸೇರಿ 150. ಅಲ್ಲಿಗೆ 850. ಹಾಳಾಗುವ ಸಾಮಾನು, ಸವೆಯುವ ಹುಕ್ಕು, ಕರೆಂಟು, ಇಂಟರ್ನೆಟ್ಟಿಗೆ ನೂರಕ್ಕೆ 10 ಸೇರಿಸಿದರೆ 935. ಮಾರುವ ಜಾಲತಾಣ ಮಾರಾಟದ ಬೆಲೆಯಲ್ಲಿ ನೂರಕ್ಕೆ 10 ಹಿಡಿದುಕೊಳ್ಳುತ್ತದೆ ಅಂದರೆ 935ಕ್ಕೆ 10% ಕೂಡಿಸಿದರೆ ಸಾಲದು, 0.9ರಿಂದ ಭಾಗಿಸಬೇಕು. 1,039 ಬರುತ್ತದೆ. ಅಂಗಡಿಯವರು ಸಗಟಾಗಿ ಕೇಳಿದರೆ ಸಾಮಾನ್ಯವಾಗಿ ಅರ್ಧ ಬೆಲೆಗೆ ಕೇಳುತ್ತಾರೆ. ಈ ಕರಡಿ ಅರ್ಧ ಬೆಲೆಗೆ ಗಿಟ್ಟುವುದಿಲ್ಲ. ಸಗಟಿಗೆ ಬೇರೆಯೇ, ಹೊಲಿಗೆ ಕಮ್ಮಿ ಇರುವ ಚಿಕ್ಕ ಕರಡಿ ಮಾಡಿ, ಉದಾಹರಣೆಗೆ ಕೀ ಚೈನ್ ಅಳತೆಯದ್ದು.

ಬೆಲೆ ಕೇಳಿ "ಅಯ್ಯೋ, ಇಷ್ಟಾ?" ಅನ್ನುವವರು ಇದ್ದೇ ಇರುತ್ತಾರೆ. ಅವರಿಗಾಗಿ ಬೆಲೆ ಇಳಿಸಬೇಡಿ, ಕರಡಿಯ ಅಳತೆ ಇಳಿಸಿ ಕೊಡಿ.

ಸಮಯ ಉಳಿಸುವ ದಾರಿ ಒಂದಿದೆ. ಒಂದೊಂದೇ ಕರಡಿ ಮುಗಿಸುವ ಬದಲು ಒಂದೇ ಭಾಗವನ್ನು ಸಾಲಾಗಿ ಮಾಡಿ. ಎಂಟು ಕಿವಿ ಒಟ್ಟಿಗೆ, ನಾಲ್ಕು ತಲೆ ಒಟ್ಟಿಗೆ. ಲೆಕ್ಕ ಬಾಯಿಪಾಠವಾಗುತ್ತದೆ, ಕೈಯ ಬಿಗಿಯೂ ಒಂದೇ ಸಮ ಇರುತ್ತದೆ. ಬೇಸರವಾಗುತ್ತದೆ ಅನ್ನುವುದೂ ನಿಜ.

ಫೋಟೋ ಮತ್ತು ಆರ್ಡರ್

ಕಿಟಕಿ ಬೆಳಕು, ಸಾದಾ ಹಿನ್ನೆಲೆ, ಫ್ಲಾಶ್ ಬೇಡ. ಒಂದು ಎದುರಿನಿಂದ, ಒಂದು ಪಕ್ಕದಿಂದ, ಒಂದು ಅಂಗೈ ಮೇಲಿಟ್ಟು. ಅಂಗೈ ಮೇಲಿನದ್ದು ಬಿಟ್ಟರೆ, ಕರಡಿ ಇಷ್ಟು ಚಿಕ್ಕದು ಅಂದುಕೊಂಡಿರಲಿಲ್ಲ ಅನ್ನುವ ತಕರಾರು ಖಂಡಿತ ಬರುತ್ತದೆ.

ಆರ್ಡರ್ ತೆಗೆದುಕೊಳ್ಳುವಾಗ ಅಳತೆ, ಬಣ್ಣ, ಕಣ್ಣಿನ ಬಗೆ, ಕೊಡುವ ದಿನ, ಎಲ್ಲವನ್ನೂ ಬರಹದಲ್ಲಿ ಇಡಿ. ಅರ್ಧ ಹಣ ಮುಂಗಡ. ತಲೆ ಮುಗಿದಾಗ ಒಂದು ಫೋಟೋ ಕಳಿಸಿ ಒಪ್ಪಿಗೆ ಪಡೆಯಿರಿ, ಆಮೇಲೆ ಮುಖ ಬದಲಿಸುವುದಿಲ್ಲ ಅಂತ ಮೊದಲೇ ಹೇಳಿ. ಹೆಸರು ಕಸೂತಿ ಮಾಡಿದ ಕರಡಿ ವಾಪಸ್ ಇಲ್ಲ. ಕಾರ್ಟೂನ್ ಪಾತ್ರದ ಹಾಗೆ ಮಾಡಿಕೊಡಿ ಅಂದರೆ ಬೇಡ ಅನ್ನಿ, ಆ ಪಾತ್ರಗಳಿಗೆ ಹಕ್ಕುದಾರರು ಇರುತ್ತಾರೆ. ಬೇರೆಯವರ ಪ್ಯಾಟರ್ನ್ ಬಳಸಿ ಹೆಣೆದದ್ದನ್ನು ಮಾರಬಹುದೇ ಅನ್ನುವುದು ಆ ಪ್ಯಾಟರ್ನಿನಲ್ಲೇ ಬರೆದಿರುತ್ತದೆ. ಕೆಲವರು ಒಪ್ಪುತ್ತಾರೆ, ಕೆಲವರು ವಿನ್ಯಾಸಕಾರರ ಹೆಸರು ಹಾಕಲು ಹೇಳುತ್ತಾರೆ.

ಡಬ್ಬಿಯಲ್ಲಿ ಒಂದು ಚೀಟಿ ಇರಲಿ: ತಣ್ಣೀರಿನಲ್ಲಿ ಕೈಯಲ್ಲಿ ಒಗೆಯಿರಿ, ಹಿಂಡಬೇಡಿ, ಟವೆಲಿನಲ್ಲಿ ಒತ್ತಿ ನೀರು ತೆಗೆದು ನೆರಳಲ್ಲಿ ಮಲಗಿಸಿ ಒಣಗಿಸಿ. ಹಾಗೆ ಬರೆಯುವ ಮುಂಚೆ ಒಂದು ಕರಡಿಯನ್ನು ನೀವೇ ಒಗೆದು ನೋಡಿರಬೇಕು. ಕಡು ಕೆಂಪು ನೂಲು ಬಿಳಿ ಮೂತಿಗೆ ಬಣ್ಣ ಬಿಡುತ್ತದೋ ಇಲ್ಲವೋ ಆಗಲೇ ಗೊತ್ತಾಗುವುದು.

ಕೈ ಮತ್ತು ಕ್ಯಾಲೆಂಡರ್

ಅರ್ಧ ಗಂಟೆಗೊಮ್ಮೆ ಹುಕ್ ಕೆಳಗಿಡಿ. ಮಣಿಕಟ್ಟು ತಿರುಗಿಸಿ, ಬೆರಳು ಚಾಚಿ, ದೂರ ನೋಡಿ. ಹೆಬ್ಬೆರಳು, ತೋರುಬೆರಳು ಜೋಮು ಹಿಡಿಯುವುದು, ರಾತ್ರಿ ಕೈ ನೋವಿಗೆ ಎಚ್ಚರವಾಗುವುದು ಶುರುವಾದರೆ ಸಹಿಸಿಕೊಂಡು ಹೆಣೆಯಬೇಡಿ, ಡಾಕ್ಟರಿಗೆ ತೋರಿಸಿ. ಈ ದುಡಿಮೆಗೆ ಬಂಡವಾಳ ಅಂತ ಇರುವುದು ಆ ಎರಡು ಕೈ.

ಎಷ್ಟು ಆರ್ಡರ್ ಒಪ್ಪಬೇಕು ಅನ್ನುವುದನ್ನೂ ನೋಟ್‌ಬುಕ್ಕೇ ಹೇಳುತ್ತದೆ. ವಾರಕ್ಕೆ 25 ಗಂಟೆ ಸಿಗುತ್ತದೆ, ಒಂದು ಕರಡಿಗೆ 7 ಗಂಟೆ ಅಂದರೆ ವಾರಕ್ಕೆ ಮೂರೇ ಕರಡಿ, ನಾಲ್ಕಲ್ಲ. ಉಳಿದ 4 ಗಂಟೆ ಬಿಚ್ಚಿ ಹಾಕುವುದಕ್ಕೆ, ನೂಲು ತರುವುದಕ್ಕೆ, ಹೊಸ ವಿನ್ಯಾಸಕ್ಕೆ. ಹಬ್ಬ, ರಜೆಯ ಸಮಯದಲ್ಲಿ ಒಟ್ಟಿಗೆ ಬೇಡಿಕೆ ಬರುತ್ತದೆ, ಅದಕ್ಕೆ ಎರಡು ತಿಂಗಳು ಮುಂಚಿನಿಂದ ತಲೆ, ಹೊಟ್ಟೆ ಹೆಣೆದು ಡಬ್ಬಿಯಲ್ಲಿಟ್ಟುಕೊಂಡಿರಿ. ಮೂರರ ಲೆಕ್ಕ ತುಂಬಿದ ದಿನ ಆ ವಾರದ ಆರ್ಡರ್ ಬಂದ್ ಮಾಡಿ, ಮುಂದಿನವರಿಗೆ ಮುಂದಿನ ವಾರದ ತಾರೀಕು ಕೊಡಿ.